ಹಾಜರಿ

ಅಮ್ಮನ ಬಳಿ ಒಂದು ಬೂಟಿನ ಡಬ್ಬಿ ಇದೆ.
ಬೂಟು ಅಪ್ಪನದು, ಎಂದೋ ಸವೆದುಹೋಯಿತು.
ಡಬ್ಬಿಯಲ್ಲಿ ಈಗ ಇರುವುದು ನಾನು:
ಲಸಿಕೆಯ ಚೀಟಿ, ಹಲ್ಲು ಕಿತ್ತ ರಸೀದಿ,
ನನ್ನ ಹೆಸರಿಲ್ಲದ ಕರೆಂಟು ಬಿಲ್ಲು,
ಒಂದನೇ ಕ್ಲಾಸಿನಲ್ಲಿ ಬಿಡಿಸಿದ ನೀಲಿ ಹಸು,
ಮತ್ತೆ, ವರ್ಷಕ್ಕೊಂದರಂತೆ, ಪ್ರಶಸ್ತಿಪತ್ರ
ಒಂದು ದಿನವೂ ತಪ್ಪದ ಹಾಜರಿಗೆ.

ಮೈ ಕಾದಿದ್ದರೂ ಕಳಿಸಿದಳು.
ಹಿಮ ಬಿದ್ದು ಬಸ್ಸು ತಡವಾದರೆ
ರಸ್ತೆಯಂಚಿನಲ್ಲಿ ಪಕ್ಕಕ್ಕೇ ನಿಂತಳು,
ಕೋಳಿ ಕಾರ್ಖಾನೆಯ ರಾತ್ರಿಪಾಳಿಯ
ರಬ್ಬರು ಬೂಟಿನಲ್ಲೇ.
"ಎವುಲ್, ಒಂದಲ್ಲ ಒಂದಿನ ಯಾರಾದರೂ ಕೇಳ್ತಾರೆ,
ಇಷ್ಟು ವರ್ಷ ಎಲ್ಲಿದ್ದಿರಿ ಅಂತ.
ಆಗ ಕೈಯಲ್ಲಿ ಏನಾದರೂ ಇರಬೇಕು."

ಗೇನ್ಸ್‌ವಿಲ್‌ನಲ್ಲಿ ಯಾರೂ ಕೇಳಲಿಲ್ಲ.

ಹದಿನಾರಕ್ಕೆ ಗೆಳತಿಯರೆಲ್ಲ ಲೈಸೆನ್ಸು ಮಾಡಿಸಿದರು.
ನನಗೆ ಕಾರೆಂದರೆ ಭಯ, ಅಂದೆ.
ಶಾಲೆಯ ಬ್ಯಾಂಡು ವಿಮಾನ ಹತ್ತಿತು.
ವಿಮಾನ ಅಂದರೂ ಭಯ, ಅಂದೆ.
ನೋಡನೋಡುತ್ತ ಊರಿಗೆಲ್ಲ ನಾನು ಪುಕ್ಕಲಿ.
ಎರಡು ವರ್ಷದವಳು ರಾತ್ರಿ ಮರುಭೂಮಿ ದಾಟುವಾಗ
ಅತ್ತರೆ ಎಲ್ಲರೂ ಸಿಕ್ಕಿಬೀಳುತ್ತೇವೆಂದು
ಬಾಯಿಗೆ ಬೆಲ್ಲದ ಚೂರು ಇಟ್ಟಿದ್ದರಂತೆ.
ಕರಗುವ ತನಕ ಅಳಲಿಲ್ಲವಂತೆ.
ಕರಗಿದ ಮೇಲೂ.

ಹಾಜರಿಯಲ್ಲಿ ಇಡೀ ಶಾಲೆಗೆ ದಾಖಲೆ ನನ್ನದು.
ದಾಖಲೆ ಇಲ್ಲದವಳ ದಾಖಲೆ.

ವಿದ್ಯಾರ್ಥಿವೇತನದ ಅರ್ಜಿ. ಹೆಸರು ತುಂಬಿದೆ,
ಅಂಕ ತುಂಬಿದೆ, ಅಂಕಕ್ಕೇನು ಬರವಿರಲಿಲ್ಲ.
ಆಮೇಲೆ ಒಂಬತ್ತು ಅಂಕಿಯ ಒಂದು ಖಾನೆ.
ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ.
ಟಾಲಿವರ್ ಮೇಡಂ ಹಿಂದಿನಿಂದ ಬಗ್ಗಿ
"ಮರೆತೆಯಾ? ಅಮ್ಮನಿಗೆ ಫೋನು ಮಾಡು" ಅಂದರು.
ಆಮೇಲೆ ನನ್ನ ಮುಖ ನೋಡಿದರು.
ಆಮೇಲೆ ಎದ್ದು ಕೋಣೆಯ ಬಾಗಿಲು ಮುಚ್ಚಿದರು.

ಸರ್ಕಾರಿ ಕಾಲೇಜಿನ ಲೆಕ್ಕದಲ್ಲಿ
ನಾನು ಹೊರರಾಜ್ಯದವಳಂತೆ. ಮೂರು ಪಟ್ಟು ಶುಲ್ಕ.
ಯಾವ ಹೊರಗು, ಮೇಡಂ?
ಜಾರ್ಜಿಯಾದ ಕೆಂಪು ಮಣ್ಣು ಹತ್ತಿದ ನನ್ನ ಸಾಕ್ಸು
ಯಾವ ಸೋಪಿಗೂ ಬೆಳ್ಳಗಾಗಿಲ್ಲ.

ತಮ್ಮ ಮೆಕೆಲ್ ಇಲ್ಲೇ ಹುಟ್ಟಿದವನು, ಏಳು ವರ್ಷ.
ಅವನ ಸಂಖ್ಯೆಯ ಚೀಟಿ ಡಬ್ಬಿಯಲ್ಲಲ್ಲ,
ಅಮ್ಮನ ಬೈಬಲ್ಲಿನ ಹಾಳೆಗಳ ನಡುವೆ.
ಆ ರಾತ್ರಿ ನನ್ನ ಹೊದಿಕೆಯೊಳಗೆ ತೂರಿ,
"ನಂದು ತಗೋ ಅಕ್ಕಾ. ಕಾಲೇಜು ಮುಗಿದ ಮೇಲೆ ವಾಪಸ್ ಕೊಡು.
ಎರಡನೇ ಕ್ಲಾಸಿಗೆ ಅದೆಲ್ಲ ಬೇಕಾಗಲ್ಲ."
ಬೈದೆ. ಅತ್ತ. ಅತ್ತಿದ್ದಕ್ಕೆ ಇನ್ನೂ ಬೈದೆ.
ಹೊಟ್ಟೆಕಿಚ್ಚು, ಬಾಯಿಬಿಟ್ಟು ಹೇಳುತ್ತೇನೆ:
ಅವನು ಹುಟ್ಟಿದ ದಿನ ಆಸ್ಪತ್ರೆಯವರು
ಪುಟ್ಟ ಪಾದಕ್ಕೆ ಮಸಿ ಬಳಿದು ಕಾಗದದ ಮೇಲೆ ಊರಿಸಿದರು.
ನನ್ನ ಪಾದದ ಗುರುತು ಮರಳಿನಲ್ಲೂ ಇಲ್ಲ.
ನನ್ನನ್ನು ಹೊತ್ತಿದ್ದರು.

ಫೆಬ್ರವರಿಯಲ್ಲಿ, ಗುಡ್ಡದಾಚೆಯ ಒಂದು ಸಣ್ಣ ಕಾಲೇಜಿನಿಂದ
ಸಂದರ್ಶನಕ್ಕೆ ಕರೆ. ಸಂಖ್ಯೆ ಕೇಳಿರಲಿಲ್ಲ.
ಅಮ್ಮನೇ ಕಾರು ಓಡಿಸಿದಳು, ಲೈಸೆನ್ಸಿಲ್ಲದೆ,
ಮಿತಿಗಿಂತ ಎರಡು ಮೈಲಿ ಕಡಿಮೆ,
ಕೋಳಿ ಎದೆ ಕೊಯ್ದು ಕೊಯ್ದು ಮರಗಟ್ಟಿದ ಬೆರಳು
ಸ್ಟಿಯರಿಂಗಿಗೆ ಕಚ್ಚಿಕೊಂಡು.
ಹನ್ನೊಂದು ಮೈಲಿ ಬೆನ್ನಿಗೇ ಪೊಲೀಸ್ ಕಾರು.
ನಾನು ಮಡಿಲಿನ ಡಬ್ಬಿ ಹಿಡಿದಿದ್ದೆ,
ಅದೇ ಸೀಟುಬೆಲ್ಟು ಎಂಬಂತೆ.
ಹಿಂದೆ ಮೆಕೆಲ್ ಚಿಪ್ಸು ಅಗಿಯುತ್ತಿದ್ದ.
ಎಷ್ಟು ಸದ್ದು, ದೇವರೇ, ಚಿಪ್ಸಿಗೆ!
ಆಮೇಲೆ ಆ ಕಾರು ಎಡಕ್ಕೆ ಹೊರಳಿತು,
ಪಾಪ, ಅದಕ್ಕೂ ಏನೋ ಕೆಲಸ.

ಕಾಲೇಜಿನ ಬಾಗಿಲಲ್ಲಿ ಮೇಜು ಹಾಕಿಕೊಂಡು
ಒಬ್ಬ ಹುಡುಗ ಪಟ್ಟಿ ಹಿಡಿದು ಕೂತಿದ್ದ.
ನನ್ನ ಹೆಸರು ತಪ್ಪಾಗಿ ಓದಿ, ನಕ್ಕು,
ಅದರ ಮುಂದೆ ಒಂದು ಗೀಟು ಎಳೆದ. ಹಾಜರು.
"ಎಲ್ಲಿಂದ ಬಂದಿರಿ?" ಅಂದ, ಸುಮ್ಮನೆ ಮಾತಿಗೆ.

ಅಮ್ಮ ಡಬ್ಬಿಯ ಮುಚ್ಚಳ ತೆಗೆದಳು.